ಧ್ವನಿ-ಚಿತ್ರಗಳ ಪಾಠಾಂತರ

ಕಾಗದದ ಮೇಲೆ ಬರೆದುದನ್ನು ಹೊಡೆದುಹಾಕಿ ತಿದ್ದಿದರೆ ಹಳೆಯ ಮಾತು ಗೀಟಿನ ಅಡಿಯಿಂದ ಇಣಿಕಿ ನೋಡುತ್ತಲೇ ಇರುತ್ತದೆ. ಓಲೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರವನ್ನಂತೂ ಗುರುತುಳಿಯದಂತೆ ಅಳಿಸುವುದು ಬಹು ಕಷ್ಟ. ಗಣಕಯಂತ್ರದಲ್ಲಿ ಹಾಗಲ್ಲ. ಅಲ್ಲಿ ತಿದ್ದಿ ‘ಉಳಿಸು’ ಎಂಬ ಗುಂಡಿಯನ್ನು ಒತ್ತಿದಿರೋ, ಹೊಸದು ಉಳಿಯಿತು, ಹಳೆಯದು ಕಣ್ಮರೆಯಾಯಿತು. ‘ಉಳಿಸು’ ಎಂದು ಹೆಸರಿಟ್ಟವರು ನಡೆಯುವುದರಲ್ಲಿ ಅರ್ಧವನ್ನು ಮಾತ್ರ ಹೇಳಿದರು ಎನ್ನಬೇಕು.

ಯಾರ ಮನೆಯಲ್ಲಾದರೂ ನಡೆಯಬಹುದಾದ ಸಂಗತಿಯೊಂದನ್ನು ಎಣಿಸಿಕೊಳ್ಳಿ. ಹಸೆಗೆ ಕರೆಯುವ ಹಾಡನ್ನು ಅಜ್ಜಿಯಿಂದ ಹೇಳಿಸಿ ಕೈಫೋನಿನಲ್ಲಿ ಮುದ್ರಿಸಿಕೊಂಡಿದ್ದೀರಿ. ಮೊದಲಲ್ಲಿ ಒಂದಿಷ್ಟು ಕೆಮ್ಮು, ನಡುವೆ ಕುಕ್ಕರಿನ ಕೂಗು, ಕೊನೆಯಲ್ಲಿ ಆ ಹಾಡನ್ನು ತನಗೆ ಕಲಿಸಿದವರು ಯಾರು, ಯಾವ ಮದುವೆಯಲ್ಲಿ ಮೊದಲು ಹಾಡಿದ್ದು ಎಂಬ ಎರಡು ನಿಮಿಷದ ಮಾತು. ಹಾಡಷ್ಟೇ ಸಾಕೆಂದು ಮೊಮ್ಮಗನು ಹಿಂದುಮುಂದನ್ನು ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿದನು. ಹತ್ತು ವರ್ಷ ಕಳೆಯಲಿ, ಅಜ್ಜಿ ಇಲ್ಲವಾಗಲಿ. ಆಗ ಮನೆಯವರೆಲ್ಲರೂ ಹುಡುಕುವುದು ಹಾಡನ್ನಲ್ಲ, ಆ ಎರಡು ನಿಮಿಷದ ಮಾತನ್ನು. ತಿದ್ದಿದ ಮೇಲೂ ಹಿಂದಿನದು ಉಳಿಯುವಂತೆ ಮಾಡುವ ತಂತ್ರಾಂಶಗಳು ಈಗ ಹಲವು ಇವೆ. ಅವು ಹೇಗೆ ಕೆಲಸಮಾಡುತ್ತವೆ, ಬರೆವಣಿಗೆಯ ಮಟ್ಟಿಗೆ ಸುಲಭವಾದ ಈ ಕೆಲಸ ಧ್ವನಿ ಮತ್ತು ಚಲಚ್ಚಿತ್ರಗಳ ಮಟ್ಟಿಗೆ ಏಕೆ ಕಷ್ಟವಾಯಿತು ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ಕಳೆದುಕೊಳ್ಳುವುದು ಮನೆಗಳಲ್ಲಿ ಮಾತ್ರ ಎಂದಲ್ಲ. ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಲಂಡನ್ನಿನ ಬಿ.ಬಿ.ಸಿ. ಸಂಸ್ಥೆ ತನ್ನ ದೂರದರ್ಶನ ಕಾರ್ಯಕ್ರಮಗಳ ಟೇಪುಗಳನ್ನು ಒರಸಿ, ಅವುಗಳ ಮೇಲೆಯೇ ಹೊಸ ಕಾರ್ಯಕ್ರಮಗಳನ್ನು ಮುದ್ರಿಸುತ್ತಿತ್ತು. ಟೇಪಿಗೆ ಬೆಲೆ ಹೆಚ್ಚು. ಒಮ್ಮೆ ಪ್ರಸಾರವಾದ ಮೇಲೆ ಅದರ ಉಪಯೋಗ ಮುಗಿಯಿತೆಂಬ ಭಾವನೆ. ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಮಾಲೆಯ ಎಷ್ಟೋ ಕಂತುಗಳ ಚಿತ್ರ ಹೀಗೆ ಹೋಯಿತು. ಆದರೆ ಅವುಗಳ ಧ್ವನಿ ಮಾತ್ರ ಇಂದಿಗೂ ಇದೆ. ಏಕೆಂದರೆ ಆಗಿನ ಕೆಲವು ಪ್ರೇಕ್ಷಕರು ತಮ್ಮ ತಮ್ಮ ಮನೆಗಳಲ್ಲಿ ಟೇಪ್ ರೆಕಾರ್ಡರುಗಳನ್ನು ಇಟ್ಟು ಅದನ್ನು ಹಿಡಿದಿದ್ದರು! ಮನೆಯವರು ಉಳಿಸಿದ್ದು ಸಂಸ್ಥೆಗೆ ಉಪಕಾರವಾದ ಈ ಪ್ರಸಂಗ ರೇಡಿಯೋ ಇರುವ ಕುಟುಂಬಗಳಿಗೆ ಸಂತೋಷ ಕೊಡತಕ್ಕದ್ದು.

ಇನ್ನೊಂದು ಪ್ರಸಂಗ ೧೯೯೮ರದು. ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಚಿತ್ರ ಸಿದ್ಧವಾಗುತ್ತಿತ್ತು. ಯಾರೋ ಕೊಟ್ಟ ಅಳಿಸುವ ಆಜ್ಞೆಯೊಂದು ಚಿತ್ರದ ಮೂಲಕಡತಗಳನ್ನೇ ನುಂಗತೊಡಗಿತು. ನೋಡುತ್ತಿದ್ದಂತೆಯೇ ಪಾತ್ರಗಳೂ ದೃಶ್ಯಗಳೂ ಒಂದೊಂದಾಗಿ ಮಾಯವಾದವು. ಆಪತ್ಕಾಲಕ್ಕೆಂದು ತೆಗೆದಿಡುತ್ತಿದ್ದ ಪ್ರತಿಯನ್ನು ತಂದು ನೋಡಿದರೆ ಅದೂ ಸರಿಯಾಗಿರಲಿಲ್ಲ. ಕೊನೆಗೆ ಚಿತ್ರವನ್ನು ಬದುಕಿಸಿದ್ದು ಗ್ಯಾಲಿನ್ ಸಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಗಣಕ. ಬಾಣಂತಿಯಾಗಿದ್ದ ಆಕೆ ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಪ್ರತಿಯೊಂದನ್ನು ಅಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಕೂಸನ್ನು ತರುವಂತೆ ಕಾರಿನಲ್ಲಿ ಮೆಲ್ಲಗೆ ತಂದರು. ಚಿತ್ರವು ೧೯೯೯ರಲ್ಲಿ ತೆರೆಗೆ ಬಂದಿತು. ಅಷ್ಟರಲ್ಲಿ ಕಥೆಯನ್ನೇ ಬಹುಮಟ್ಟಿಗೆ ಮರಳಿ ಹೆಣೆದಿದ್ದರೆಂಬುದು ಬೇರೆ ಮಾತು.

ಹಳೆಯ ಪ್ರತಿಗಳ ಮಹತ್ವ ನಮ್ಮ ಪಂಡಿತರಿಗೆ ಹೊಸದಲ್ಲ. ಒಂದು ಕಾವ್ಯವನ್ನು ಸಂಪಾದಿಸಬೇಕಾದರೆ ದೊರೆತ ಓಲೆಪ್ರತಿಗಳನ್ನೆಲ್ಲ ಕೂಡಿಸಿ, ಸರಿಯೆಂದು ತೋರಿದ ಪಾಠವನ್ನು ಮೇಲೆ ಅಚ್ಚು ಹಾಕಿ, ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾರೆ. ಪುಣೆಯ ಭಂಡಾರಕರ್ ಸಂಶೋಧನ ಮಂದಿರದವರು ಮಹಾಭಾರತದ ಪರಿಷ್ಕೃತ ಆವೃತ್ತಿಯ ಕೆಲಸವನ್ನು ೧೯೧೯ರಲ್ಲಿ ಹಿಡಿದು ೧೯೬೬ರಲ್ಲಿ ಮುಗಿಸಿದರು. ನಲವತ್ತೇಳು ವರ್ಷಗಳ ಆ ತಪಸ್ಸು ಏಕೆ ಬೇಕಾಯಿತು? ಯಾವ ಲಿಪಿಕಾರನು ಯಾವ ಪ್ರತಿಯನ್ನು ನೋಡಿ ಬರೆದನು, ಎಲ್ಲಿ ಬದಲಾಯಿಸಿದನು, ಏಕೆ ಬದಲಾಯಿಸಿದನು ಎಂಬುದನ್ನು ಅವನು ಬರೆದಿಡಲಿಲ್ಲವಾಗಿ. ಗ್ರಂಥದ ಕೊನೆಯಲ್ಲಿ ಪುಷ್ಪಿಕೆಯೊಂದಿದ್ದು, ಅದರಲ್ಲಿ ತನ್ನ ಹೆಸರನ್ನೂ ಸಂವತ್ಸರವನ್ನೂ ಹೇಳಿದ್ದರೆ ಅದೇ ನಮ್ಮ ಪುಣ್ಯ.

ಆವೃತ್ತಿಗಳನ್ನು ಕಾಯುವ ತಂತ್ರಾಂಶವೆಂದರೆ ಪ್ರತಿಯೊಂದು ತಿದ್ದುಪಡಿಗೂ ಕಡ್ಡಾಯವಾಗಿ ಒಂದು ಪುಷ್ಪಿಕೆಯನ್ನು ಬರೆಯಿಸಿಕೊಳ್ಳುವ ಲಿಪಿಕಾರನೆಂದು ತಿಳಿಯಿರಿ. ಯಾರು, ಯಾವಾಗ, ಯಾತಕ್ಕಾಗಿ, ಯಾವ ಪ್ರತಿಯ ಮೇಲೆ ತಿದ್ದಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಇಂಥ ಮೊದಲ ತಂತ್ರಾಂಶಗಳಲ್ಲಿ ಒಂದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಚ್‌ಕೈಂಡ್ ಎಂಬವರು ೧೯೭೨ರಲ್ಲಿ ರಚಿಸಿದರು. ೧೯೮೦ರ ದಶಕದ ಆದಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ವಾಲ್ಟರ್ ಟಿಕಿಯವರು ಇನ್ನೊಂದು ಜಾಣತನ ಮಾಡಿದರು. ಎಲ್ಲ ಆವೃತ್ತಿಗಳನ್ನೂ ಇಡಿಯಾಗಿ ಇಡುವುದು ದುಂದು. ಆದುದರಿಂದ ಇತ್ತೀಚಿನದನ್ನು ಮಾತ್ರ ಇಡಿಯಾಗಿ ಇಟ್ಟು, ಹಿಂದಿನವಕ್ಕೆ ‘ಇದರಲ್ಲಿ ಇಂಥ ಸಾಲು ತೆಗೆ, ಅಲ್ಲಿ ಇಂಥ ಸಾಲು ಸೇರಿಸು’ ಎಂಬ ಸೂಚನೆಗಳನ್ನಷ್ಟೇ ಬರೆದಿಟ್ಟರು. ಎಲ್ಲರಿಗೂ ಹೆಚ್ಚಾಗಿ ಬೇಕಾಗುವುದು ಹೊಸದು ತಾನೆ? ಅದು ಕೂಡಲೇ ದೊರೆಯುತ್ತದೆ. ಹಳೆಯದನ್ನು ಕೇಳಿದವನು ತುಸು ಕಾಯಬೇಕು.

ಇಂದು ಲೋಕದ ತುಂಬ ಹಬ್ಬಿರುವುದು ‘ಗಿಟ್’ ಎಂಬುದು. ಇದನ್ನು ಲಿನಸ್ ಟೊರ್ವಾಲ್ಡ್ಸ್ ಅವರು ೨೦೦೫ರ ಏಪ್ರಿಲಿನಲ್ಲಿ ಬರೆಯತೊಡಗಿದರು. ಕೆಲಸಮಾಡುವ ಪ್ರತಿಯೊಬ್ಬನ ಬಳಿಯಲ್ಲೂ ಆದಿಯಿಂದ ಇಂದಿನವರೆಗಿನ ಎಲ್ಲ ಆವೃತ್ತಿಗಳ ಪೂರ್ಣ ಭಂಡಾರವಿರುವುದು ಇದರ ವಿಶೇಷ. ಒಬ್ಬನ ಯಂತ್ರ ಸುಟ್ಟುಹೋದರೆ ನೆರೆಯವನಿಂದ ತರಬಹುದು. ಬರೆವಣಿಗೆಗೆ ಇದು ಬಹಳ ಸೊಗಸಾದ ಏರ್ಪಾಡು. ಧ್ವನಿಗೆ ಬಂದರೆ ಇದೇ ಗುಣ ಭಾರವಾಗಿ ಪರಿಣಮಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಅಡಕಮುದ್ರಿಕೆಯ ಗುಣಮಟ್ಟದಲ್ಲಿ ಧ್ವನಿಯನ್ನು ಮುದ್ರಿಸುವಾಗ ಒಂದು ಸೆಕೆಂಡಿನಲ್ಲಿ ೪೪,೧೦೦ ಸಲ ಅದರ ಎತ್ತರವನ್ನು ಅಳೆಯುತ್ತಾರೆ. ಒಂದೊಂದು ಅಳತೆಗೂ ಎರಡು ಬೈಟು. ಎಡಕಿವಿ ಬಲಕಿವಿಗಳೆಂದು ಎರಡು ಧಾರೆ. ಅಲ್ಲಿಗೆ ಸೆಕೆಂಡಿಗೆ ೧,೭೬,೪೦೦ ಬೈಟು. ಹದಿನೈದು ನಿಮಿಷದ ಒಂದು ಭಾಷಣಕ್ಕೆ ೧೫ ಕೋಟಿ ೮೭ ಲಕ್ಷ ಬೈಟಿಗೂ ಮೀರಿತು. ಅದೇ ಭಾಷಣವನ್ನು ಕನ್ನಡ ಅಕ್ಷರಗಳಲ್ಲಿ ಬರೆದಿಟ್ಟರೆ ಐವತ್ತು ಸಾವಿರ ಬೈಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಮಾತಿಗಿಂತ ಮಾತಿನ ದನಿ ಮೂರು ಸಾವಿರ ಪಾಲು ಭಾರ! ಚಲಚ್ಚಿತ್ರದ ಲೆಕ್ಕ ಇನ್ನೂ ಭಯಂಕರ. ೧೯೨೦ಕ್ಕೆ ೧೦೮೦ ಚುಕ್ಕೆಗಳ ಚಿತ್ರವನ್ನು ಯಾವ ಸಂಕೋಚವೂ ಮಾಡದೆ, ಚುಕ್ಕೆಗೆ ಮೂರು ಬೈಟಿನಂತೆ ಸೆಕೆಂಡಿಗೆ ೨೪ ಚಿತ್ರವಿಟ್ಟರೆ ಒಂದು ಸೆಕೆಂಡಿಗೆ ಸುಮಾರು ೧೫ ಕೋಟಿ ಬೈಟು ಬೇಕು. ಹದಿನೈದು ನಿಮಿಷದ ಭಾಷಣಕ್ಕೆ ಹಿಡಿಯುವ ಜಾಗ ಒಂದು ಸೆಕೆಂಡಿನ ಚಿತ್ರಕ್ಕೆ! ಇಂಥದ್ದರ ಹತ್ತು ಆವೃತ್ತಿಗಳನ್ನು ಹತ್ತು ಜನರ ಯಂತ್ರಗಳಲ್ಲಿ ಇಡಿಯಾಗಿ ತುಂಬಿದರೆ ಏನಾಗುವುದೆಂದು ಊಹಿಸಿಕೊಳ್ಳಿ. ಗಿಟ್‌ಹಬ್ ಎಂಬ ಪ್ರಸಿದ್ಧ ಭಂಡಾರದವರು ೧೦೦ ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಸಾಮಾನ್ಯ ದಾರಿಯಲ್ಲಿ ಒಳಗೆ ಬಿಡುವುದೇ ಇಲ್ಲ.

ಹಾಗಾದರೆ ಬರೆವಣಿಗೆಯಲ್ಲಿ ಮಾಡಿದಂತೆ ವ್ಯತ್ಯಾಸವನ್ನು ಮಾತ್ರ ಬರೆದಿಟ್ಟರಾಗದೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆದರೆ ದನಿಯನ್ನು ಒಂದು ಪಾಲು ಜೋರು ಮಾಡಿದಿರೆನ್ನಿ. ಕೇಳುವವರಿಗೆ ಅದು ಅದೇ ಹಾಡು. ಯಂತ್ರಕ್ಕಾದರೋ ಒಂದೊಂದು ಅಳತೆಯೂ ಬೇರೆ ಸಂಖ್ಯೆಯಾಯಿತು. ಹದಿನೈದು ಕೋಟಿ ಬೈಟುಗಳಲ್ಲಿ ಹಿಂದಿನದರೊಡನೆ ಹೊಂದುವುದು ಹೆಚ್ಚುಕಡಿಮೆ ಏನೂ ಇಲ್ಲ. ಎಂಪಿ-ತ್ರೀ ಮೊದಲಾದ ಸಂಕುಚಿತ ರೂಪಗಳಲ್ಲಿ ಮತ್ತೊಂದು ತೊಡಕು. ಅಲ್ಲಿ ಕಿವಿಗೆ ಅಷ್ಟಾಗಿ ಕೇಳದ ಭಾಗಗಳನ್ನು ಬಿಟ್ಟು ಹಿಂಡಿ ಕಟ್ಟಿರುತ್ತಾರೆ. ಬಿಚ್ಚಿ, ತಿದ್ದಿ, ಮರಳಿ ಕಟ್ಟಿದರೆ ಇನ್ನೊಂದಿಷ್ಟು ಸೋರಿಹೋಗುತ್ತದೆ. ನೋಡಿ ಬರೆದ ಪ್ರತಿಯನ್ನು ನೋಡಿ ಮತ್ತೊಬ್ಬನು ಬರೆದಂತೆ.

ಕತ್ತರಿಸುವ ಮತ್ತು ಸೇರಿಸುವ ತಿದ್ದುಪಡಿಗಳಿಗೆ ಮಾತ್ರ ಬಹು ಚೆಲುವಾದ ಉಪಾಯವೊಂದುಂಟು. ನಿಧಾನವಾಗಿ ಓದಿರಿ, ಕಷ್ಟವೇನೂ ಇಲ್ಲ. ದೊಡ್ಡ ಕಡತವನ್ನು ಚೂರುಗಳಾಗಿ ಒಡೆದು, ಹೊಸ ಆವೃತ್ತಿ ಬಂದಾಗ ಬದಲಾದ ಚೂರುಗಳನ್ನು ಮಾತ್ರ ಇಟ್ಟುಕೊಳ್ಳೋಣ. ಚೂರು ಮಾಡುವುದು ಹೇಗೆ? ಇಪ್ಪತ್ತು ಅಕ್ಷರಕ್ಕೊಂದರಂತೆ ಎಂದಿಟ್ಟುಕೊಳ್ಳಿ. ಶಾಲೆಯ ಹುಡುಗನು ತನ್ನ ಪ್ರಬಂಧದ ತಲೆಯಲ್ಲಿ ‘ಶ್ರೀ’ ಎಂಬ ಒಂದಕ್ಷರ ಸೇರಿಸಿದನು. ಈಗ ಮೊದಲ ಚೂರಿನ ಕೊನೆಯ ಅಕ್ಷರ ಎರಡನೆಯದಕ್ಕೆ ತಳ್ಳಲ್ಪಟ್ಟಿತು, ಎರಡನೆಯದರದು ಮೂರನೆಯದಕ್ಕೆ. ಹೀಗೆ ಕೊನೆಯವರೆಗೂ ಎಲ್ಲ ಚೂರುಗಳೂ ಹೊಸವಾದವು! ಸಾಲಾಗಿ ಕುಳಿತ ಪಂಕ್ತಿಗೆ ತಡವಾಗಿ ಬಂದವನೊಬ್ಬನನ್ನು ಮೊದಲಲ್ಲಿ ಕೂರಿಸಿದರೆ ಎಲ್ಲರೂ ಎಲೆ ಸಮೇತ ಎದ್ದು ಸರಿಯಬೇಕಾದಂತೆ. ಅದರ ಬದಲು ಎಲ್ಲೆಲ್ಲಿ ವಾಕ್ಯ ಮುಗಿಯುತ್ತದೋ ಅಲ್ಲಲ್ಲಿ ಕತ್ತರಿಸಿದರೆ? ‘ಶ್ರೀ’ ಸೇರಿದ ಮೊದಲ ವಾಕ್ಯವೊಂದು ಬದಲಾಗುತ್ತದೆ. ಉಳಿದವೆಲ್ಲ ಇದ್ದಂತೆಯೇ ಇರುತ್ತವೆ.

ಧ್ವನಿಯ ಕಡತದಲ್ಲಿ ಪೂರ್ಣವಿರಾಮ ಎಲ್ಲಿಂದ ಬರಬೇಕು? ಅದನ್ನು ಯಂತ್ರವೇ ಕಲ್ಪಿಸಿಕೊಳ್ಳುತ್ತದೆ. ೨೦೦೧ರಲ್ಲಿ ಅಮೆರಿಕದ ಮೂವರು ಸಂಶೋಧಕರು ವಿವರಿಸಿದ ರೀತಿಯಲ್ಲಿ, ೪೮ ಬೈಟು ಅಗಲದ ಕಿಟಕಿಯೊಂದು ಕಡತದ ಮೇಲೆ ಒಂದೊಂದೇ ಬೈಟು ಸರಿಯುತ್ತ ಹೋಗುತ್ತದೆ. ಕಿಟಕಿಯೊಳಗೆ ಕಂಡುದರಿಂದ ಒಂದು ಸಂಖ್ಯೆಯನ್ನು ಗುಣಿಸುತ್ತಾರೆ. ಇದಕ್ಕೆ ೧೯೮೧ರಲ್ಲಿ ಮೈಕೇಲ್ ರಾಬಿನ್ ಎಂಬ ಗಣಿತಜ್ಞರು ಹೇಳಿದ ಸೂತ್ರವಿದೆ. ಆ ಸಂಖ್ಯೆಯ ಕೊನೆಯ ೧೩ ದ್ವಿಮಾನ ಅಂಕಿಗಳು ಮೊದಲೇ ಗೊತ್ತುಮಾಡಿದ ಬೆಲೆಗೆ ಸರಿಹೊಂದಿದಲ್ಲಿ ಕತ್ತರಿ. ಹದಿಮೂರು ಅಂಕಿಗಳು ಹಾಗೆ ಹೊಂದುವುದು ಸರಾಸರಿ ೮,೧೯೨ರಲ್ಲಿ ಒಂದು ಸಲ. ಆದುದರಿಂದ ಚೂರುಗಳೂ ಸುಮಾರು ಅಷ್ಟಷ್ಟೇ ಗಾತ್ರದವಾಗುತ್ತವೆ. ಕತ್ತರಿ ಬೀಳುವುದು ಸ್ಥಾನವನ್ನು ನೋಡಿ ಅಲ್ಲ, ಒಳಗಿರುವುದನ್ನು ನೋಡಿ. ಹೀಗಾಗಿ ಹಿಂಡಿ ಕಟ್ಟದ ಧ್ವನಿಯ ಮೊದಲಲ್ಲಿ ಐದು ಸೆಕೆಂಡು ಕತ್ತರಿಸಿದರೂ, ಮುಂದಿನ ವಿರಾಮ ಸಿಕ್ಕಿದ ಕೂಡಲೇ ಹಳೆಯ ಚೂರುಗಳೇ ಮತ್ತೆ ಹೊಂದಿಕೊಳ್ಳುತ್ತವೆ. ಬೋರ್ಗ್, ರೆಸ್ಟಿಕ್ ಎಂಬ, ಹಣ ಕೊಡದೆ ದೊರೆಯುವ ತಂತ್ರಾಂಶಗಳು ಈ ಮಾರ್ಗವನ್ನೇ ಅನುಸರಿಸಿ ಹಿಂದಿನ ಪ್ರತಿಗಳನ್ನು ಕಾಯುತ್ತವೆ. ಗಣಕದವರ ಉಪಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಛಂದಸ್ಸಿನಲ್ಲಿ ಯತಿಸ್ಥಾನವನ್ನು ಹುಡುಕುವ ಸುಖ ಇದರಲ್ಲಿದೆ.

ಇನ್ನೊಂದು ಪಂಗಡದವರ ದಾರಿ ಬೇರೆ. ಅವರು ದೊಡ್ಡ ಕಡತವನ್ನು ಚರಿತ್ರೆಯ ಪೆಟ್ಟಿಗೆಯಲ್ಲಿ ಇಡುವುದೇ ಇಲ್ಲ. ಬೇರೊಂದು ಉಗ್ರಾಣದಲ್ಲಿರಿಸಿ, ಪೆಟ್ಟಿಗೆಯಲ್ಲಿ ಒಂದು ಚೀಟಿಯನ್ನು ಮಾತ್ರ ಇಡುತ್ತಾರೆ. ಗಿಟ್‌ಹಬ್‌ನವರು ೨೦೧೫ರಲ್ಲಿ ಹೊರತಂದ ‘ಗಿಟ್ ಎಲ್‌ಎಫ್‌ಎಸ್’ ಇಂಥದ್ದು. ಚೀಟಿಯಲ್ಲಿ ಇರುವುದು ಮೂರೇ ಸಾಲು: ಯಾವ ಕ್ರಮದ ಚೀಟಿ, ಕಡತದ ಬೆರಳ ಗುರುತು ಯಾವುದು, ಗಾತ್ರ ಎಷ್ಟು. ಐನೂರು ಮೆಗಾಬೈಟಿನ ಚಿತ್ರಕ್ಕೂ ಚೀಟಿ ನೂರು ಇನ್ನೂರು ಬೈಟಿನ ಒಳಗೇ. ಹೊಸ ಆವೃತ್ತಿ ಬಂದರೆ ಹೊಸ ಚೀಟಿ. ಬೇಕಾದ ದಿನ ಚೀಟಿ ತೋರಿಸಿ ಉಗ್ರಾಣದಿಂದ ಸರಕನ್ನು ತರಿಸಿಕೊಳ್ಳುವುದು. ಅನುಕೂಲವೇನೋ ನಿಜ. ಆದರೆ ಇದು ಗಿರವಿ ಅಂಗಡಿಯ ಚೀಟಿಯ ಹಾಗೆಂಬುದನ್ನು ಮರೆಯಬಾರದು. ಅಂಗಡಿ ಇರುವವರೆಗೆ ಚೀಟಿಗೆ ಬೆಲೆ. ಬಾಗಿಲು ಮುಚ್ಚಿದ ಮೇಲೆ ಒಡವೆಯ ತೂಕ ಎಷ್ಟಿತ್ತೆಂದು ಓದಿಕೊಳ್ಳುವುದಕ್ಕಷ್ಟೇ ಅದು ಬರುತ್ತದೆ.

ಈ ಭಯಕ್ಕೆ ತಕ್ಕ ಉತ್ತರವನ್ನು ಜೋಯಿ ಹೆಸ್ ಎಂಬವರು ೨೦೧೦ರಲ್ಲಿ ಬರೆಯಲಾರಂಭಿಸಿದ ‘ಗಿಟ್-ಅನೆಕ್ಸ್’ ಎಂಬ ತಂತ್ರಾಂಶದಲ್ಲಿ ಕಾಣಬಹುದು. ಇಲ್ಲಿಯೂ ಪೆಟ್ಟಿಗೆಯಲ್ಲಿರುವುದು ಗುರುತು ಮಾತ್ರ. ಆದರೆ ಉಗ್ರಾಣ ಒಂದೇ ಆಗಬೇಕಿಲ್ಲ. ಮನೆಯ ಗಣಕ, ಬೀರುವಿನಲ್ಲಿಟ್ಟ ಡಿಸ್ಕು, ತಂಗಿಯ ಮನೆಯ ಯಂತ್ರ ಯಾವುದಾದರೂ ಆದೀತು. ಯಾವ ಕಡತ ಎಲ್ಲೆಲ್ಲಿದೆ ಎಂಬ ವಹಿಯನ್ನು ಅದು ತಾನೇ ಬರೆದುಕೊಳ್ಳುತ್ತದೆ, ಕೇಳಿದರೆ ಹೇಳುತ್ತದೆ. ಕನಿಷ್ಠ ಎರಡು ಪ್ರತಿ ಇರಲೇಬೇಕೆಂದು ನೀವು ಕಟ್ಟು ಮಾಡಿದ್ದರೆ, ಒಂದು ಕಡೆ ಅಳಿಸಹೊರಟಾಗ ಬೇರೆ ಎರಡು ಕಡೆ ಪ್ರತಿ ನಿಜವಾಗಿ ಇದೆಯೇ ಎಂದು ವಿಚಾರಿಸಿ, ಖಚಿತವಾಗದಿದ್ದರೆ ಅಳಿಸಲು ಒಪ್ಪುವುದಿಲ್ಲ. ಹಟಮಾರಿ ಗ್ರಂಥಪಾಲಕನಂತೆ! ಒತ್ತಾಯದಿಂದ ಅಳಿಸುವ ಆಜ್ಞೆಯೂ ಉಂಟು, ಆದರೆ ಅದನ್ನು ಬೇಕೆಂದೇ ಬರೆಯಬೇಕು. ಪಿಕ್ಸಾರಿನಲ್ಲಿ ಆದಂಥ ಅನಾಹುತಕ್ಕೆ ಇಂಥ ಹಟವೇ ಮದ್ದು.

ಮೇಲೆ ಬೆರಳ ಗುರುತು ಎಂದೆನಷ್ಟೆ. ಕಡತದ ಬೈಟುಗಳನ್ನೆಲ್ಲ ಒಂದು ಗಣಿತಕ್ರಮದಿಂದ ಅರೆದು ತೆಗೆದ ಚಿಕ್ಕ ಸಂಖ್ಯೆ ಅದು. ಒಂದು ಬೈಟು ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಗಿಟ್ ಮೊದಲು ಹಿಡಿದ ಕ್ರಮಕ್ಕೆ ‘ಶಾ-೧’ ಎಂದು ಹೆಸರು. ೨೦೧೭ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯವರೂ ಆಮ್‌ಸ್ಟರ್‌ಡಾಮಿನ ಗಣಿತಸಂಸ್ಥೆಯೊಂದರವರೂ ಕೂಡಿ, ಒಂದೇ ಶಾ-೧ ಗುರುತುಳ್ಳ ಎರಡು ಬೇರೆ ಬೇರೆ ಕಡತಗಳನ್ನು ತಯಾರಿಸಿ ತೋರಿಸಿದರು. ಕಾಕತಾಳೀಯವಾಗಿ ಆದದ್ದಲ್ಲ, ಅಪಾರ ಗಣಕಶ್ರಮದಿಂದ ಬೇಕೆಂದೇ ಮಾಡಿದ್ದು. ಎಲ್‌ಎಫ್‌ಎಸ್ ಚೀಟಿಗಳಲ್ಲಿ ಇರುವುದು ಅದಕ್ಕಿಂತ ಗಟ್ಟಿಯಾದ ‘ಶಾ-೨೫೬’. ಬರೆದರೆ ೬೪ ಅಂಕಿಯಕ್ಷರಗಳು. ಮನೆವಾರ್ತೆಗೆ ಅದು ಧಾರಾಳವಾಗಿ ಸಾಕು.

ಒಂದು ಕೊರತೆಯನ್ನು ಹೇಳಲೇಬೇಕು. ಒಂದೇ ಪ್ರಬಂಧದ ಬೇರೆ ಬೇರೆ ಪುಟಗಳನ್ನು ಇಬ್ಬರು ತಿದ್ದಿದರೆ ತಂತ್ರಾಂಶವು ಎರಡನ್ನೂ ಬೆಸೆದು ಒಂದು ಮಾಡಿಕೊಡಬಲ್ಲುದು. ಒಂದೇ ಹಾಡನ್ನು ಒಬ್ಬನು ಜೋರು ಮಾಡಿ, ಇನ್ನೊಬ್ಬನು ಗದ್ದಲ ತೆಗೆದರೆ ಎರಡನ್ನೂ ಬೆಸೆಯಲು ಅದಕ್ಕೆ ಬಾರದು. ಯಾರಾದರೊಬ್ಬರ ಶ್ರಮ ವ್ಯರ್ಥ. ಅದಕ್ಕಾಗಿಯೇ ಚಲಚ್ಚಿತ್ರ ಮತ್ತು ಆಟಗಳನ್ನು ತಯಾರಿಸುವವರು ಕಡತಕ್ಕೆ ಬೀಗ ಹಾಕುವ ಪದ್ಧತಿ ಇಟ್ಟುಕೊಂಡಿದ್ದಾರೆ. ಒಬ್ಬನು ತೆಗೆದುಕೊಂಡರೆ ಅವನು ಹಿಂದಿರುಗಿಸುವವರೆಗೆ ಉಳಿದವರು ಓದಬಹುದು, ತಿದ್ದಲಾಗದು. ಆಟ ತಯಾರಿಸುವ ಕಂಪೆನಿಗಳು ಬಹಳವಾಗಿ ಬಳಸುವ ‘ಪರ್ಫೋರ್ಸ್’ ಎಂಬುದರಲ್ಲಿ ಈ ಅನುಕೂಲ ಹಿಂದಿನಿಂದಲೂ ಇತ್ತು. ಎಲ್‌ಎಫ್‌ಎಸ್‌ಗೆ ೨೦೧೭ರಲ್ಲಿ ಬಂದಿತು.

ಇಷ್ಟೆಲ್ಲ ಮನೆಯಲ್ಲಿ ಬೇಕೆ? ಕೈಫೋನಿನ ನೂರಾರು ಚಿತ್ರಗಳಿಗೆಲ್ಲ ಬೇಡ. ಹೂಕುಂಡದ ಇಪ್ಪತ್ತು ಭಂಗಿಗಳು ಕಳೆದುಹೋದರೆ ಲೋಕಕ್ಕೆ ನಷ್ಟವಿಲ್ಲ. ಬೇಕಾದದ್ದು ಮತ್ತೊಮ್ಮೆ ಮುದ್ರಿಸಲಾಗದಂಥವಕ್ಕೆ: ಹಿರಿಯರ ಮಾತು, ಹಾಡು, ತಾಳಮದ್ದಳೆಯ ಒಂದು ರಾತ್ರಿ. ಇವುಗಳ ಮಟ್ಟಿಗೆ, ತಂತ್ರಾಂಶದ ಗೊಡವೆ ಇಲ್ಲದವರೂ ಒಂದು ಕ್ರಮವನ್ನು ಹಿಡಿಯಬಹುದು. ಮೊದಲು ಮುದ್ರಿಸಿದ ಕಡತವನ್ನು ಮುಟ್ಟದೆ, ಹೆಸರಿನಲ್ಲಿ ತಾರೀಖನ್ನು ಸೇರಿಸಿ ಬೇರೆ ಇಡಿ. ಕತ್ತರಿಸುವುದು, ಗದ್ದಲ ತೆಗೆಯುವುದು ಎಲ್ಲವೂ ಅದರ ನಕಲಿನ ಮೇಲೆ ನಡೆಯಲಿ. ಸಂದೇಶದ ಆಪುಗಳಲ್ಲಿ ಕಳುಹಿಸಿದ ಚಿತ್ರ ಸಾಮಾನ್ಯವಾಗಿ ಹಿಂಡಿ ಕಿರಿದಾದ ಪ್ರತಿ. ಅದನ್ನೇ ಮೂಲವೆಂದು ನಂಬಿ ಕೈಫೋನಿನದನ್ನು ಅಳಿಸಬೇಡಿ. ಹಾಡು ಎಲ್ಲಿಂದ ಎಲ್ಲಿಯವರೆಗೆ ಬೇಕು, ಎಷ್ಟು ಜೋರು ಮಾಡಿದ್ದು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟರಂತೂ ತಿದ್ದಿದ ಪ್ರತಿ ಹೋದರೂ ಚಿಂತೆಯಿಲ್ಲ, ಮೂಲದಿಂದ ಮತ್ತೆ ಮಾಡಿಕೊಳ್ಳಬಹುದು. ಒಳ್ಳೆಯ ಧ್ವನಿಸಂಪಾದನೆಯ ತಂತ್ರಾಂಶಗಳು ಒಳಗೊಳಗೆ ಮಾಡುವುದು ಇದನ್ನೇ: ಮೂಲ ಹಾಗೆಯೇ ಇರುತ್ತದೆ, ತಿದ್ದುವ ಸೂಚನೆಗಳು ಬೇರೆ ಕಡತದಲ್ಲಿರುತ್ತವೆ.

ಎರಡನೆಯ ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇರಲಿ. ಇಟ್ಟ ಮೇಲೆ ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಬೇಕು. ನಾಗಂದಿಗೆಯ ಮೇಲಿಟ್ಟ ಓಲೆಕಟ್ಟನ್ನು ಗೆದ್ದಲು ತಿಂದದ್ದು ಕಟ್ಟು ಬಿಚ್ಚಿದಾಗಲೇ ತಿಳಿಯುವುದು. ಗಿಟ್-ಅನೆಕ್ಸ್, ಬೋರ್ಗ್, ರೆಸ್ಟಿಕ್ ಮೂರರಲ್ಲೂ ಬೆರಳ ಗುರುತನ್ನು ಮತ್ತೆ ಎಣಿಸಿ ತಾಳೆ ನೋಡುವ ಆಜ್ಞೆಗಳಿವೆ. ಒಂದು ಟೆರಾಬೈಟಿನ ಡಿಸ್ಕು ಸೆಕೆಂಡಿಗೆ ನೂರು ಮೆಗಾಬೈಟಿನಂತೆ ಓದಿಕೊಟ್ಟರೆ ಆ ಕೆಲಸಕ್ಕೆ ಮೂರು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಹಳೆಯ ಡಿಸ್ಕಾದರೆ ಇನ್ನೂ ನಿಧಾನ. ರಾತ್ರಿ ಮಲಗುವ ಮುನ್ನ ಹಚ್ಚಿಟ್ಟರೆ ಬೆಳಗಿನ ವಾರ್ತೆಯ ಹೊತ್ತಿಗೆ ಮುಗಿದು, ಯಾವ ಕಡತ ಕೆಟ್ಟಿದೆ ಎಂಬ ಪಟ್ಟಿ ಪರದೆಯ ಮೇಲಿರುತ್ತದೆ.